ಮೊದಲ ತರಗತಿಯ ಗುರು ಪೆಸ್ಟಲಾಜಿ

ಊರಿನ ಶಾಲೆ ಕೆಟ್ಟಿತೆಂದು ಜನ ಮಾತನಾಡಿಕೊಳ್ಳುವಾಗ ಅದರ ಕಾರಣಗಳನ್ನು ಹುಡುಕಲು ಯಾರೂ ಬಹು ದೂರ ಹೋಗುವುದಿಲ್ಲ. ಕಟ್ಟಡ ಸೋರುತ್ತದೆ, ಉಪಾಧ್ಯಾಯರಿಗೆ ಸಂಬಳ ಸಾಲದು, ತಂದೆತಾಯಿಗಳಿಗೆ ಆಸ್ಥೆಯಿಲ್ಲ, ಮಕ್ಕಳಿಗೆ ಬುದ್ಧಿಯಿಲ್ಲ; ಇಷ್ಟು ಹೇಳಿ ನಿಟ್ಟುಸಿರಿಟ್ಟು ಎದ್ದುಬಿಡುತ್ತೇವೆ. ಇವುಗಳಲ್ಲಿ ಕೊನೆಯದೊಂದನ್ನುಳಿದು ಮಿಕ್ಕವೆಲ್ಲ ನಿಜವೇ ಆಗಿರಬಹುದು. ಆದರೆ ಸುತ್ತಣ ಸ್ಥಿತಿ ಏನೊಂದೂ ಬದಲಾಗದೆ, ಐದರಿಂದ ಎಂಟು ವರ್ಷದ ಪುಟ್ಟ ಮಕ್ಕಳ ತರಗತಿಯೊಂದು ಕೇವಲ ಎಂಟು ತಿಂಗಳಲ್ಲಿ ಬೇರೆಯೇ ಆಗಿಹೋದ ಪ್ರಸಂಗ ಶಿಕ್ಷಣದ ಇತಿಹಾಸದಲ್ಲಿ ದಾಖಲಾಗಿದೆ. ಸ್ವಿಟ್ಜರ್ಲೆಂಡಿನ ಬುರ್ಗ್‌ಡಾರ್ಫ್ ಎಂಬ ಸಣ್ಣ ಪಟ್ಟಣದಲ್ಲಿ 1799ರಿಂದ 1800ರವರೆಗೆ ನಡೆದ ಸಂಗತಿ ಅದು. ಅಲ್ಲಿ ಪಾಠ ಹೇಳಿದಾತ ತರುಣನಲ್ಲ, ತರಬೇತಿ ಪಡೆದ ಉಪಾಧ್ಯಾಯನೂ ಅಲ್ಲ. ಹಿಡಿದ ಕೆಲಸಗಳಲ್ಲೆಲ್ಲ ಸೋತು, ಐವತ್ತಮೂರನೆಯ ವಯಸ್ಸಿನಲ್ಲಿ ಅಕ್ಷರ ಕಲಿಸಲು ಬಂದ ಯೋಹಾನ್ ಹೈನ್ರಿಕ್ ಪೆಸ್ಟಲಾಜಿ.

ಪೆಸ್ಟಲಾಜಿ ಹುಟ್ಟಿದ್ದು 1746ನೆಯ ಜನವರಿ 12ರಂದು, ಜ್ಯೂರಿಕ್ ನಗರದಲ್ಲಿ. ತಂದೆ ಶಸ್ತ್ರವೈದ್ಯ. ಮಗನಿಗೆ ಐದು ವರ್ಷ ತುಂಬುವಷ್ಟರಲ್ಲಿ ಆತ ತೀರಿಕೊಂಡನು. ಸಾಯುವ ಮುನ್ನ ಅವನು ಮನೆಯ ಸೇವಕಿ ಬಾಬೆಲಿಯನ್ನು ಹತ್ತಿರ ಕರೆದು, ತನ್ನ ಹೆಂಡತಿ ಮಕ್ಕಳ ಕೈಬಿಡಬಾರದೆಂದು ಬೇಡಿಕೊಂಡನಂತೆ. ಆ ಹಳ್ಳಿಯ ಹೆಣ್ಣು ಕೊಟ್ಟ ಮಾತಿಗೆ ತಪ್ಪದೆ ಕಡೆಯವರೆಗೂ ಆ ಮನೆಯಲ್ಲೇ ಉಳಿದಳು. ಕಾಸಿಗೆ ಕಾಸು ಕೂಡಿಸಿ ಸಂಸಾರ ತೂಗಿಸಿದ ತಾಯಿ ಮತ್ತು ಈ ಸೇವಕಿ, ಇವರಿಬ್ಬರ ಮಡಿಲಲ್ಲಿ ಬೆಳೆದ ಹುಡುಗನಿಗೆ ಹೊರಗಿನ ಆಟಪಾಟಗಳ ಬಳಕೆ ಆಗಲೇ ಇಲ್ಲ. ಶಾಲೆಯಲ್ಲಿ ಅವನದು ಓರೆಕೋರೆ ಬರವಣಿಗೆ, ಕೆದರಿದ ತಲೆ, ಮೈಮರೆತ ನಡೆ. ಜೊತೆಯವರಿಗೆ ಅವನೊಂದು ನಗೆಪಾಟಲು. ಆದರೆ ಮುಂದೆ ಆತ ಕಟ್ಟಿದ ಶಿಕ್ಷಣ ವಿಚಾರದ ಬುನಾದಿ ಈ ಮನೆಯಲ್ಲೇ ಬಿದ್ದಿತು. ಮಗುವಿನ ಮೊದಲ ಶಾಲೆ ತಾಯಿಯ ಒಲವು ಎಂಬುದನ್ನು ಆತ ಪುಸ್ತಕದಿಂದ ಕಲಿತವನಲ್ಲ.

ಆತನ ಅಜ್ಜ ಜ್ಯೂರಿಕ್ಕಿನ ಹತ್ತಿರದ ಹೋಂಗ್ ಎಂಬ ಹಳ್ಳಿಯಲ್ಲಿ ಪಾದ್ರಿ. ರಜೆಯಲ್ಲಿ ಮೊಮ್ಮಗ ಅಲ್ಲಿಗೆ ಹೋದಾಗ ಅಜ್ಜನ ಜೊತೆಗೆ ಬಡವರ ಮನೆಗಳನ್ನೂ ಹಳ್ಳಿಯ ಶಾಲೆಯನ್ನೂ ಸುತ್ತುತ್ತಿದ್ದನು. ಬಯಲಿನಲ್ಲಿ ಚಿಗರೆಯಂತೆ ನೆಗೆಯುತ್ತಿದ್ದ ಮಕ್ಕಳು ಶಾಲೆಯ ಬೆಂಚಿಗೆ ಬಂದೊಡನೆ ಕಳೆಗುಂದುವುದನ್ನು ಆತ ಆಗಲೇ ಕಂಡನು. ಬಡವರಿಗೆ ನೆರವಾಗಬೇಕೆಂಬ ಹಂಬಲ ಅಲ್ಲಿ ಮೊಳೆಯಿತು. ಅಜ್ಜನಂತೆ ಪಾದ್ರಿಯಾಗಲು ಓದಿದನು, ಅದು ಕೂಡಿಬರಲಿಲ್ಲ. ನ್ಯಾಯಶಾಸ್ತ್ರದತ್ತ ತಿರುಗಿದನು, ಅದೂ ಅರ್ಧಕ್ಕೆ ನಿಂತಿತು. 1762ರಲ್ಲಿ ಹೊರಬಂದ ರೂಸೋವಿನ ಎಮಿಲ್ ಗ್ರಂಥವನ್ನು ಓದಿ ಯೂರೋಪಿನ ತರುಣರು ಹುಚ್ಚೆದ್ದ ಕಾಲ ಅದು. ಪ್ರಕೃತಿಯ ಮಡಿಲಿಗೆ ಮರಳಬೇಕೆಂಬ ಆ ಕರೆ ಪೆಸ್ಟಲಾಜಿಯ ಕಿವಿಗೂ ಬಿದ್ದಿತು. ಆತ ಬೇಸಾಯ ಮಾಡುವೆನೆಂದು ಹೊರಟನು.

1769ರಲ್ಲಿ ಆನ್ನಾ ಶುಲ್ತೆಸ್ ಎಂಬ ಸಿರಿವಂತರ ಮನೆಯ ಮಗಳು, ತನಗಿಂತ ಹಲವು ವರ್ಷ ಕಿರಿಯನಾದ ಈ ಕನಸುಗಾರನನ್ನು ತಂದೆತಾಯಿಗಳ ಅಸಮಾಧಾನದ ನಡುವೆಯೂ ವರಿಸಿದಳು. ದಂಪತಿಗಳು ಬಿರ್ ಗ್ರಾಮದ ಬಳಿ ನೆಲ ಕೊಂಡು ನಾಯ್‌ಹೋಫ್ ಎಂಬ ಮನೆ ಕಟ್ಟಿಕೊಂಡರು. ನೆಲ ಬಂಜರು, ಒಡೆಯನಿಗೆ ವ್ಯವಹಾರ ತಿಳಿಯದು. ಕೆಲವೇ ವರ್ಷಗಳಲ್ಲಿ ಬೇಸಾಯ ಮುಳುಗಿತು. ಅದು ಮುಳುಗುತ್ತಿದ್ದ ಹೊತ್ತಿನಲ್ಲೇ, 1774ರಲ್ಲಿ, ಆತ ಬೀದಿಯ ಬಡಮಕ್ಕಳನ್ನು ಮನೆಗೆ ಕರೆತಂದು, ನೂಲು ತೆಗೆಯುವುದನ್ನೂ ಹೊಲದ ಕೆಲಸವನ್ನೂ ಓದುಬರಹವನ್ನೂ ಒಟ್ಟಿಗೆ ಕಲಿಸತೊಡಗಿದನು. ಮಕ್ಕಳ ದುಡಿಮೆಯಿಂದಲೇ ಶಾಲೆಯ ಖರ್ಚು ಹೊರಡುವುದೆಂದು ಆತನ ಲೆಕ್ಕ. ಲೆಕ್ಕ ತಪ್ಪಿತು. ಮೈತುಂಬ ಬಟ್ಟೆ ಬಂದು ಮುಖದಲ್ಲಿ ಕಳೆ ಮೂಡಿದೊಡನೆ ಕೆಲವು ತಂದೆತಾಯಿಗಳು ಮಕ್ಕಳನ್ನು ಎಳೆದುಕೊಂಡು ಹೋದರು. ಸುಮಾರು 1780ರ ಹೊತ್ತಿಗೆ ಶಾಲೆ ಮುಚ್ಚಿತು. ಹೆಂಡತಿಯ ಹಣವೂ ಅದರೊಡನೆ ಕರಗಿತು.

ಕೈಯಲ್ಲಿ ಮತ್ತೇನೂ ಉಳಿಯದಾಗ ಆತ ಲೇಖನಿ ಹಿಡಿದನು. 1781ರಲ್ಲಿ ಪ್ರಕಟವಾದ ಲೀನ್‌ಹಾರ್ಟ್ ಮತ್ತು ಗೆರ್ಟ್ರೂಡ್ ಎಂಬ ಕಾದಂಬರಿ ಆತನಿಗೆ ಒಮ್ಮೆಲೇ ಹೆಸರು ತಂದಿತು. ಕುಡಿತಕ್ಕೆ ಸಿಕ್ಕಿದ ಗಂಡನನ್ನೂ ಮನೆಯನ್ನೂ ಕಾಪಾಡುವ ಕಲ್ಲುಕೆಲಸದವನ ಹೆಂಡತಿ ಗೆರ್ಟ್ರೂಡ್ ಅದರ ನಾಯಕಿ. ರಾಟೆ ತಿರುಗಿಸುತ್ತಲೇ ಆಕೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಕೋಣೆಯ ಉದ್ದವನ್ನು ಹೆಜ್ಜೆಯಲ್ಲಿ ಎಣಿಸುವುದು, ಕಿಟಕಿಯ ಗಾಜುಗಳನ್ನು ಎಣಿಸುವುದು ಅವಳ ಗಣಿತ. ಊರಿನ ಕೆಟ್ಟ ಶಾಲೆಯನ್ನು ತಿದ್ದಲು ಮುಂದಾಗುವವನು ಯುದ್ಧದಿಂದ ಮರಳಿದ ಒಬ್ಬ ಸೈನ್ಯಾಧಿಕಾರಿ. ಅವನು ಪಂಡಿತರನ್ನು ಕೇಳಲು ಹೋಗುವುದಿಲ್ಲ. ಗೆರ್ಟ್ರೂಡಳ ಮನೆಗೆ ಬಂದು, ಅವಳು ಕಲಿಸುವ ಬಗೆಯನ್ನು ಕಣ್ಣಾರೆ ಕಂಡು, ಅದನ್ನೇ ಶಾಲೆಗೆ ಒಯ್ಯುತ್ತಾನೆ. ಜನ ಕಥೆಯನ್ನು ಮೆಚ್ಚಿ ಓದಿದರು. ಅದರೊಳಗಿನ ಶಾಲೆಯನ್ನು ಮಾತ್ರ ಯಾರೂ ಕಟ್ಟಲಿಲ್ಲ. 1792ರಲ್ಲಿ ಫ್ರಾನ್ಸಿನ ಕ್ರಾಂತಿ ಸರ್ಕಾರ ಆತನಿಗೆ ಗೌರವ ಪೌರತ್ವವನ್ನಿತ್ತಿತು. ಆದರೆ ಆತ ಬಯಸಿದ್ದು ಬಿರುದನ್ನಲ್ಲ, ಒಂದು ತರಗತಿಯನ್ನು. ಅದು ಸಿಗಲು ಹದಿನೆಂಟು ವರ್ಷ ಕಾಯಬೇಕಾಯಿತು.

ಆ ಕಾಲದ ಪ್ರಾಥಮಿಕ ಶಾಲೆ ಎಂಥದೆಂಬುದನ್ನು ಇಲ್ಲಿ ತುಸು ತಿಳಿಯಬೇಕು. 1798ರಲ್ಲಿ ಫ್ರೆಂಚರ ಬಲದಿಂದ ಸ್ವಿಟ್ಜರ್ಲೆಂಡಿನಲ್ಲಿ ಹೆಲ್ವೇಟಿಕ್ ಗಣರಾಜ್ಯ ಸ್ಥಾಪನೆಯಾಯಿತು. ಅದರ ವಿದ್ಯಾಮಂತ್ರಿ ಸ್ಟಾಪ್‌ಫರ್ ಎಂಬಾತ 1799ರಲ್ಲಿ ದೇಶದ ಎಲ್ಲ ಶಾಲೆಗಳಿಗೂ ಒಂದು ಪ್ರಶ್ನಾವಳಿಯನ್ನು ಕಳುಹಿಸಿದನು. ಶಾಲೆ ಎಲ್ಲಿ ನಡೆಯುತ್ತದೆ, ಏನು ಕಲಿಸುತ್ತಾರೆ, ಉಪಾಧ್ಯಾಯನ ಬೇರೆ ಕಸುಬೇನು, ಸಂಬಳವೆಷ್ಟು, ಚಳಿಗಾಲಕ್ಕೆ ಎಷ್ಟು ಮಕ್ಕಳು, ಬೇಸಗೆಗೆ ಎಷ್ಟು ಎಂಬ ಪ್ರಶ್ನೆಗಳು ಅದರಲ್ಲಿದ್ದುವು. ಬೇರೆ ಕಸುಬು ಯಾವುದೆಂದು ಕೇಳಬೇಕಾಗಿ ಬಂದುದೇ ಆ ಕಾಲದ ಶಾಲೆಯ ಚಿತ್ರವನ್ನು ಕೊಡುತ್ತದೆ. ದರ್ಜಿ, ನೇಯ್ಗೆಯವ, ಚಮ್ಮಾರ, ಇವರು ತಮ್ಮ ಕೆಲಸದ ಜೊತೆಗೆ ಪಾಠವನ್ನೂ ಹೇಳುತ್ತಿದ್ದರು. ಎಷ್ಟೋ ಕಡೆ ಉಪಾಧ್ಯಾಯನ ಮನೆಯ ಕೋಣೆಯೇ ಶಾಲೆ. ಒಂದು ಮೂಲೆಯಲ್ಲಿ ಅಡುಗೆ, ಇನ್ನೊಂದರಲ್ಲಿ ತೊಟ್ಟಿಲು, ನಡುವೆ ನಾಲ್ಕಾರು ಬೆಂಚು. ಮಕ್ಕಳು ಒಬ್ಬೊಬ್ಬರಾಗಿ ಬಂದು ಧರ್ಮಬೋಧೆಯ ಪ್ರಶ್ನೋತ್ತರಗಳನ್ನು ಒಪ್ಪಿಸಬೇಕು. ಮಿಕ್ಕವರು ತಮ್ಮ ಸರದಿ ಬರುವವರೆಗೆ ಗಟ್ಟಿಯಾಗಿ ಉರುಹೊಡೆಯುತ್ತಿರಬೇಕು.

ಮುಂದೆ ಪೆಸ್ಟಲಾಜಿಯ ಬಲಗೈಯಾದ ಹೆರ್ಮನ್ ಕ್ರೂಸಿ ಉಪಾಧ್ಯಾಯನಾದ ಬಗೆಯನ್ನು ಕೇಳಿದರೆ ಈ ಚಿತ್ರ ಪೂರ್ಣವಾಗುತ್ತದೆ. ಆತ ಬೆಟ್ಟದ ದಾರಿಯಲ್ಲಿ ನೂಲಿನ ಹೊರೆ ಹೊತ್ತು ಊರಿಂದೂರಿಗೆ ನಡೆಯುತ್ತಿದ್ದ ಹದಿನೆಂಟರ ಹುಡುಗ. 1793ರಲ್ಲಿ ಗಾಯ್ಸ್ ಎಂಬ ಊರಿನ ಶಾಲೆಯ ಜಾಗ ತೆರವಾಗಿರುವುದಾಗಿ ದಾರಿಯಲ್ಲಿ ಯಾರೋ ಹೇಳಿದರು. ಆತ ಅರ್ಜಿ ಹಾಕಿದನು. ಧರ್ಮಗ್ರಂಥದ ಒಂದು ಭಾಗವನ್ನು ಓದಿಸಿ, ಒಂದು ಪ್ರಾರ್ಥನೆಯನ್ನು ಬರೆಯಿಸಿ ನೋಡಿದ ಹಿರಿಯರು ಅವನನ್ನೇ ಆರಿಸಿದರು. ಹೀಗೆ ಹೊರೆಯಾಳು ಗುರುವಾದನು. ಹೊರೆ ಹೊರುವುದಕ್ಕೂ ಒಂದಿಷ್ಟು ಅಭ್ಯಾಸ ಬೇಕು. ಮಕ್ಕಳಿಗೆ ಕಲಿಸುವುದಕ್ಕೆ ಮಾತ್ರ ಯಾವ ಸಿದ್ಧತೆಯೂ ಬೇಡವೆಂದು ಲೋಕ ನಂಬಿತ್ತು.

ಪೆಸ್ಟಲಾಜಿಗೆ ಮೊದಲ ಅವಕಾಶ ದೊರೆತದ್ದು ಬೆಂಕಿಯ ನಡುವೆ. 1798ರ ಸೆಪ್ಟೆಂಬರಿನಲ್ಲಿ ಹೊಸ ಸರ್ಕಾರಕ್ಕೆ ತಲೆಬಾಗದ ನಿಡ್‌ವಾಲ್ಡನ್ ಪ್ರಾಂತದ ಮೇಲೆ ಫ್ರೆಂಚ್ ಸೇನೆ ಎರಗಿತು. ಮನೆಗಳು ಉರಿದುವು, ನೂರಾರು ಜನ ಸತ್ತರು. ಅನಾಥರಾದ ಮಕ್ಕಳಿಗಾಗಿ ಸ್ಟಾನ್ಸ್ ಊರಿನ ಸಂನ್ಯಾಸಿನಿಯರ ಮಠವೊಂದರಲ್ಲಿ ಆಶ್ರಮ ತೆರೆಯಲು ಸರ್ಕಾರ ಪೆಸ್ಟಲಾಜಿಯನ್ನು ಕಳುಹಿಸಿತು. 1799ರ ಜನವರಿಯಲ್ಲಿ ಆಶ್ರಮ ಆರಂಭವಾಯಿತು. ಬಂದ ಮಕ್ಕಳ ಮೈಯಲ್ಲಿ ಕಜ್ಜಿ, ತಲೆಯಲ್ಲಿ ಹೇನು, ಕಣ್ಣಿನಲ್ಲಿ ಭಯ. ಬರುಬರುತ್ತ ಎಂಬತ್ತು ಮಕ್ಕಳಾದರು. ನೋಡಿಕೊಳ್ಳಲು ಆತ ಮತ್ತು ಮನೆಗೆಲಸದ ಹೆಂಗಸೊಬ್ಬಳು, ಇಬ್ಬರೇ. ಊರಿನ ಕ್ಯಾಥೊಲಿಕ್ ಜನಕ್ಕೆ ಈತ ಪರಮತದವನು, ಅದಕ್ಕಿಂತ ಹೆಚ್ಚಾಗಿ ತಮ್ಮ ಮನೆ ಸುಟ್ಟ ಸರ್ಕಾರದ ಮನುಷ್ಯ. ಆದರೂ ಆತ ಆ ಮಕ್ಕಳ ಜೊತೆಯಲ್ಲೇ ಉಂಡು, ಅವರ ನಡುವೆಯೇ ಮಲಗಿ, ಪುಸ್ತಕವಿಲ್ಲದೆ ಪಾಠ ಹೇಳಿದನು. ಬಲ್ಲ ಮಗುವನ್ನು ಎರಡು ಅರಿಯದ ಮಕ್ಕಳ ನಡುವೆ ಕೂರಿಸಿದರೆ, ಅದು ಅವರ ಹೆಗಲ ಮೇಲೆ ಕೈಹಾಕಿ ತಾನು ಕಲಿತದ್ದನ್ನು ಕಲಿಸುವುದೆಂಬುದನ್ನು ಆತ ಕಂಡುಕೊಂಡದ್ದು ಅಲ್ಲಿಯೇ. ಜೂನ್ ತಿಂಗಳಲ್ಲಿ ಫ್ರೆಂಚ್ ಸೇನೆ ಮಠವನ್ನು ಆಸ್ಪತ್ರೆಗೆಂದು ಕೇಳಿತು. ಮಕ್ಕಳು ಚದುರಿದರು. ಪೆಸ್ಟಲಾಜಿ ಆಯಾಸದಿಂದ ರಕ್ತ ಕಾರುವ ಸ್ಥಿತಿಯಲ್ಲಿ ಗುರ್ನಿಗೆಲ್ ಬೆಟ್ಟಕ್ಕೆ ವಿಶ್ರಾಂತಿಗೆ ಹೋದನು. ಮತ್ತೊಮ್ಮೆ ಸೋತನೆಂದು ಜನ ಆಡಿಕೊಂಡರು.

ಆ ಬೇಸಗೆಯಲ್ಲೇ ಆತ ಬುರ್ಗ್‌ಡಾರ್ಫಿಗೆ ಬಂದನು. ಕೇಳಿದ್ದು ಅತ್ಯಂತ ಕೆಳಗಿನ ಹುದ್ದೆ. ಊರಿನ ಪೌರಹಕ್ಕಿಲ್ಲದ ಬಡವರ ಮಕ್ಕಳ ಶಾಲೆಯಲ್ಲಿ ಒಂದಿಷ್ಟು ಮಕ್ಕಳಿಗೆ ಪಾಠ ಹೇಳುವುದು. ಆ ಶಾಲೆಯನ್ನು ನಡೆಸುತ್ತಿದ್ದವನು ಡೀಸ್ಲಿ ಎಂಬ ಚಮ್ಮಾರ. ಒಂದೇ ಸೂರಿನಡಿ ಡೀಸ್ಲಿ ಎಂದಿನಂತೆ ಧರ್ಮಬೋಧೆಯನ್ನು ಒಪ್ಪಿಸಿಕೊಳ್ಳುವನು. ಪೆಸ್ಟಲಾಜಿ ಪುಸ್ತಕವನ್ನೇ ತೆರೆಯದೆ ಮಕ್ಕಳಿಂದ ಪದಗಳನ್ನು ಒಟ್ಟಾಗಿ ಹೇಳಿಸುವನು, ಗೆರೆ ಎಳೆಸುವನು. ಡೀಸ್ಲಿಗೆ ಸಂಶಯ ಹುಟ್ಟಿತು. ಅದು ತಂದೆತಾಯಿಗಳಿಗೂ ಹರಡಿತು. ಈ ಕೆದರಿದ ಕೂದಲಿನ ಮನುಷ್ಯನಿಗೆ ನೆಟ್ಟಗೆ ಓದಲು ಬರೆಯಲು ಬರುವುದೋ ಇಲ್ಲವೋ ಎಂದರು. ಹೊಸ ಪ್ರಯೋಗ ಮಾಡುವುದಿದ್ದರೆ ಅನುಕೂಲಸ್ಥರ ಮಕ್ಕಳ ಮೇಲೆ ಮಾಡಲಿ, ನಮ್ಮ ಮಕ್ಕಳೇ ಏಕೆ ಎಂದರು. ಕೆಲವೇ ದಿನಗಳಲ್ಲಿ ಆತ ಅಲ್ಲಿಂದ ಹೊರಬೀಳಬೇಕಾಯಿತು.

ಈ ತಂದೆತಾಯಿಗಳನ್ನು ಮೂಢರೆಂದು ತಳ್ಳಿಬಿಡುವುದು ಸುಲಭ. ಆದರೆ ಅವರ ಮಾತಿನಲ್ಲಿ ನ್ಯಾಯವಿತ್ತು. ಬಡವನ ಮಗುವಿಗೆ ಶಾಲೆಯಲ್ಲಿ ದೊರೆಯುವ ಕಾಲ ಬಹು ಸ್ವಲ್ಪ. ಅದನ್ನು ಯಾರದೋ ಕನಸಿಗೆ ತೆರಲು ಅವರು ಒಪ್ಪಲಿಲ್ಲ. ಫಲ ಕಾಣದೆ ಹೊಸದನ್ನು ನಂಬೆವು ಎಂಬ ಹಟ ಅದು. ಕಂಡರೆ ನಂಬುವರು ಎಂಬುದೂ ಅದರಲ್ಲೇ ಅಡಗಿದೆ.

ಊರಿನ ಕೆಲವು ಹಿತೈಷಿಗಳು ಆತನಿಗೆ ಮತ್ತೊಂದು ತಾಣ ದೊರಕಿಸಿದರು. ಅದು ಸ್ಟೇಲಿ ಎಂಬ ಮಹಿಳೆ ನಡೆಸುತ್ತಿದ್ದ ಅಕ್ಷರಾಭ್ಯಾಸದ ತರಗತಿ. ಐದರಿಂದ ಎಂಟು ವರ್ಷದ ಇಪ್ಪತ್ತಕ್ಕೆ ಮೇಲ್ಪಟ್ಟ ಮಕ್ಕಳು. ದೇಶದೇಶಗಳಲ್ಲಿ ಹೆಸರಾದ ಗ್ರಂಥಕರ್ತ ಇಲ್ಲಿ ಅಕ್ಷರ ತಿದ್ದಿಸುವ ಮೇಷ್ಟರಾದನು. ಇಲ್ಲಿಂದಲೂ ಓಡಿಸಿಬಿಟ್ಟಾರೆಂಬ ಭಯ ಆತನನ್ನು ಹಗಲಿರುಳು ಕಾಡುತ್ತಿತ್ತು. ಆ ಭಯದಲ್ಲಿಯೇ ಆತ ಬೆಳಗಿನಿಂದ ಸಂಜೆಯವರೆಗೆ ಮಕ್ಕಳೊಡನೆ ಕೂತು, ಪ್ರತಿಯೊಂದು ಪಾಠವನ್ನೂ ಇನ್ನೂ ಸಣ್ಣದಾಗಿ ಒಡೆಯಲು ಸಾಧ್ಯವೇ ಎಂದು ನೋಡುತ್ತ ಹೋದನು.

ಆತ ಮಾಡಿದ್ದೇನು? ಮೊದಲನೆಯದಾಗಿ, ಓದುವುದಕ್ಕೆ ಮುಂಚೆ ಮಾತನಾಡಿಸಿದನು. ಅಕ್ಷರದ ಹೆಸರನ್ನು ಉರುಹಚ್ಚಿಸುವ ಮೊದಲು ಅದರ ಉಲಿಯನ್ನು ಕಿವಿಗೆ ಬೀಳಿಸಿ, ನಾಲಗೆಗೆ ಹೊರಳಿಸಿ, ಚಿಕ್ಕ ಚಿಕ್ಕ ಉಲಿಗಳನ್ನು ಸಾಲಾಗಿ ಕೂಡಿಸಿ ಮಕ್ಕಳೆಲ್ಲ ಒಟ್ಟಿಗೆ ಹೇಳುವಂತೆ ಮಾಡಿದನು. ರಟ್ಟಿಗೆ ಅಂಟಿಸಿದ ಬಿಡಿ ಅಕ್ಷರಗಳನ್ನು ಅತ್ತಿತ್ತ ಸರಿಸಿ ಪದ ಕಟ್ಟುವುದು ಮಕ್ಕಳ ಕೈಕೆಲಸವಾಯಿತು. ಎರಡನೆಯದಾಗಿ, ಅಂಕೆಗೆ ಮುಂಚೆ ಎಣಿಕೆಯನ್ನು ತಂದನು. ಕಾಳು, ಕಲ್ಲು, ಕೈಬೆರಳು, ಕಾಗದದ ಮೇಲಿನ ಗೆರೆಗಳು, ಇವುಗಳನ್ನು ಕೂಡಿಸಿ ಕಳೆದು ನೋಡದೆ ಒಂದು ಅಂಕೆಯನ್ನೂ ಬರೆಯಿಸಲಿಲ್ಲ. ಮಗ್ಗಿಯೆಂಬುದು ಮಗುವಿಗೆ ಬಾಯಿಪಾಠವಾಗುವ ಮೊದಲು ಕಣ್ಪಾಠವಾಯಿತು. ಮೂರನೆಯದಾಗಿ, ಬರವಣಿಗೆಗೆ ಮುಂಚೆ ರೇಖೆ. ನೇರಗೆರೆ, ಓರೆಗೆರೆ, ಕೋನ, ಚೌಕ, ವೃತ್ತ, ಇವುಗಳನ್ನು ಕಂಡು ಹೆಸರಿಸಿ ಬರೆದ ಕೈಗೆ ಅಕ್ಷರ ತಾನಾಗಿ ಒಲಿಯುವುದೆಂದು ಆತನ ಅನುಭವ. ಕಾಗದ ಮಸಿಗಳ ಬದಲು ಸ್ಲೇಟನ್ನು ಕೊಟ್ಟನು. ತಪ್ಪಿದರೆ ಒರೆಸಿಬಿಡಬಹುದು, ಒರೆಸಬಹುದಾದ ತಪ್ಪಿಗೆ ಮಗು ಅಂಜುವುದಿಲ್ಲ.

ಇವೆಲ್ಲಕ್ಕೂ ಒಂದೇ ಬೇರು. ವಸ್ತು ಮೊದಲು, ಹೆಸರು ಆಮೇಲೆ. ಕಾಣುವುದು ಮೊದಲು, ಹೇಳುವುದು ಆಮೇಲೆ. ಈ ಮೆಟ್ಟಿಲು ಗಟ್ಟಿಯಾಗುವವರೆಗೆ ಮುಂದಿನ ಮೆಟ್ಟಿಲಿಲ್ಲ. ಹಳೆಯ ಶಾಲೆ ಮಗುವನ್ನು ತಾನಿದ್ದಲ್ಲಿಗೆ ಹತ್ತಿ ಬಾ ಎನ್ನುತ್ತಿತ್ತು. ಹತ್ತಲಾರದ ಮಗುವನ್ನು ದಡ್ಡನೆಂದು ಕರೆಯುತ್ತಿತ್ತು. ಪೆಸ್ಟಲಾಜಿ ಮಗು ನಿಂತಿದ್ದ ನೆಲಕ್ಕೆ ಇಳಿದು, ಅಲ್ಲಿಂದ ಮೆಟ್ಟಿಲು ಕಟ್ಟಿದನು.

1800ನೆಯ ಮಾರ್ಚಿ 31ರಂದು ಬುರ್ಗ್‌ಡಾರ್ಫಿನ ಶಾಲಾಮಂಡಲಿಯವರು ಆ ತರಗತಿಯ ಪರೀಕ್ಷೆಗೆ ಬಂದರು. ಪುಟ್ಟ ಮಕ್ಕಳು ಓದಿದರು, ಬರೆದರು, ಗೆರೆಚಿತ್ರ ಎಳೆದರು, ಲೆಕ್ಕ ಮಾಡಿದರು. ಹಿಂದೆ ಅಕ್ಷರ ಕೂಡಿಸಿ ಓದುವುದೊಂದಕ್ಕೇ ಇದೇ ವಯಸ್ಸಿನ ಮಕ್ಕಳು ವರ್ಷಗಟ್ಟಲೆ ತಿಣುಕುತ್ತಿದ್ದುದನ್ನು ಕಂಡಿದ್ದ ಹಿರಿಯರಿಗೆ ಆಶ್ಚರ್ಯವಾಯಿತು. ಎಂಟು ತಿಂಗಳಲ್ಲಿ ಆದ ಪ್ರಗತಿಯನ್ನು ಅವರು ಬರಹದ ಮೂಲಕವೇ ಹೊಗಳಿ ಪೆಸ್ಟಲಾಜಿಗೆ ಒಪ್ಪಿಸಿದರು. ಅತ್ಯಂತ ಎಳೆಯ ಮಗುವಿನಲ್ಲಿಯೂ ಎಂಥ ಶಕ್ತಿ ಅಡಗಿರುವುದೆಂಬುದು ಈ ತರಗತಿಯಿಂದ ತಮಗೆ ತಿಳಿದುಬಂದಿತೆಂದು ಅವರು ಒಪ್ಪಿಕೊಂಡರು. ಬದುಕಿನುದ್ದಕ್ಕೂ ಸೋಲನ್ನೇ ಉಂಡವನಿಗೆ ಇದು ಮೊದಲ ಗೆಲುವು. ಆ ಗೆಲುವು ಬಂದದ್ದು ಬಯಲಿನಲ್ಲಿ, ನಾಲ್ಕು ಜನರ ಕಣ್ಣೆದುರಿನಲ್ಲಿ ನಡೆದ ಪರೀಕ್ಷೆಯಿಂದ ಎಂಬುದನ್ನು ಮರೆಯಬಾರದು.

ಗೆದ್ದವನಿಗೆ ಬಡ್ತಿ ದೊರೆಯಿತು. ಊರಿನ ಎರಡನೆಯ ಬಾಲಕರ ಶಾಲೆಯನ್ನು ಆತನಿಗೆ ಒಪ್ಪಿಸಿದರು. ಅಲ್ಲಿ ಮಕ್ಕಳೂ ಹೆಚ್ಚು, ವಯಸ್ಸೂ ಹೆಚ್ಚು. ಯುದ್ಧದ ಬರಗಾಲದಿಂದ ಅಪ್ಪೆನ್‌ಜೆಲ್ ಕಡೆಯಿಂದ ಬಂದಿದ್ದ ರಾಮ್‌ಸಾವರ್ ಎಂಬ ಹತ್ತು ವರ್ಷದ ಹುಡುಗ ಆಗ ಆತನ ಕೈಕೆಳಗೆ ಕಲಿತು, ಮುಂದೆ ತಾನೂ ಹೆಸರಾಂತ ಉಪಾಧ್ಯಾಯನಾಗಿ ಆ ದಿನಗಳ ನೆನಪನ್ನು ಬರೆದಿಟ್ಟಿದ್ದಾನೆ. ಅದನ್ನು ಓದಿದರೆ ನಗೆಯೂ ಬರುತ್ತದೆ, ಮರುಕವೂ ಹುಟ್ಟುತ್ತದೆ. ವೇಳಾಪಟ್ಟಿಯಿಲ್ಲ, ಪಾಠದ ಯೋಜನೆಯಿಲ್ಲ. ಗೋಡೆಗೆ ಹೊದಿಸಿದ್ದ ಹಳೆಯ ಚಿತ್ರವಸ್ತ್ರದ ಮುಂದೆ ಮಕ್ಕಳನ್ನು ನಿಲ್ಲಿಸಿ, ಅದರಲ್ಲಿ ಕಾಣುವ ಆಕಾರ, ಬಣ್ಣ, ತೂತುಗಳನ್ನು ಕುರಿತು ವಾಕ್ಯ ಕಟ್ಟಿಸುವನು. ಗುರು ಕೂಗುವನು, ಶಿಷ್ಯರು ಅದಕ್ಕಿಂತ ಜೋರಾಗಿ ಕೂಗುವರು. ಹತ್ತು ಗಂಟೆಯ ಹೊತ್ತಿಗೆ ಆತನ ಗಂಟಲು ಕಟ್ಟಿಹೋಗುತ್ತಿತ್ತು. ಬೀದಿಯಲ್ಲಿ ಬೇರೆ ಶಾಲೆಯ ಮಕ್ಕಳ ಗದ್ದಲ ಕೇಳಿದಾಗ ಮಾತ್ರ ಪಾಠದ ಹೊತ್ತು ಮುಗಿಯಿತೆಂದು ತಿಳಿಯುತ್ತಿತ್ತು.

ಇಲ್ಲಿಯೇ ಪೆಸ್ಟಲಾಜಿಯ ಹಿರಿಮೆಯೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಪುಟ್ಟ ಗುಂಪಿನಲ್ಲಿ ಪ್ರತಿಯೊಂದು ಮಗುವಿನ ಮುಖವೂ ಆತನಿಗೆ ದಾರಿ ತೋರುತ್ತಿತ್ತು. ಗುಂಪು ದೊಡ್ಡದಾದೊಡನೆ ದಾರಿ ಮಸುಕಾಯಿತು. ಒಲವು ಒಂದು ತರಗತಿಯನ್ನು ಎತ್ತಬಲ್ಲುದು. ಶಾಲೆಯನ್ನು ಎತ್ತಲು ಒಲವಿನ ಜೊತೆಗೆ ವ್ಯವಸ್ಥೆ ಬೇಕು, ಜೊತೆಗಾರರು ಬೇಕು. ಆ ಜೊತೆಗಾರ ಬಂದದ್ದು ಕ್ರೂಸಿಯ ರೂಪದಲ್ಲಿ. 1800ರ ಆರಂಭದಲ್ಲಿ ಯುದ್ಧಪೀಡಿತ ಮಕ್ಕಳ ತಂಡವೊಂದನ್ನು ಕರೆದುಕೊಂಡು ಬೆಟ್ಟದಿಂದ ಇಳಿದು ಬಂದ ಆ ಹಳೆಯ ಹೊರೆಯಾಳು ಪೆಸ್ಟಲಾಜಿಯೊಡನೆ ಸೇರಿದನು. ಹಿಂದೆಯೇ ಟೋಬ್ಲರ್ ಮತ್ತು ಬುಸ್ ಎಂಬ ತರುಣರೂ ಬಂದರು. ಹಗಲು ಕಲಿಸುವುದು, ಸಂಜೆ ಕೂಡಿ ಚರ್ಚಿಸುವುದು, ಎಲ್ಲಿ ಮಗು ಎಡವಿತೆಂದು ನೋಡಿ ಪಾಠವನ್ನು ತಿದ್ದುವುದು. ಬುರ್ಗ್‌ಡಾರ್ಫಿನ ಕೋಟೆಮನೆಯಲ್ಲಿ ಶಾಲೆಯೊಂದಿಗೆ ಉಪಾಧ್ಯಾಯರ ತರಬೇತಿಯೂ ಹೀಗೆ ಆರಂಭವಾಯಿತು.

ಅಲ್ಲಿ ಮಕ್ಕಳೇ ಗುರುಗಳನ್ನು ತಿದ್ದಿದ ಒಂದು ಸಂಗತಿಯಿದೆ. ಹೆಸರು ಕಲಿಸಲೆಂದು ಏಣಿಯ ಚಿತ್ರವನ್ನು ತೋರಿಸಿದಾಗ ಒಬ್ಬ ಹುಡುಗ, ಅಂಗಳದಲ್ಲಿ ನಿಜವಾದ ಏಣಿಯೇ ಇರುವಾಗ ಚಿತ್ರವೇಕೆಂದು ಕೇಳಿದನಂತೆ. ಮೊದಲು ಅದನ್ನು ಅಲಕ್ಷಿಸಿದರು. ಕಿಟಕಿಯ ಚಿತ್ರ ಬಂದಾಗಲೂ ಅದೇ ಪ್ರಶ್ನೆ ಎದ್ದಿತು. ಹುಡುಗ ಹೇಳುವುದೇ ಸರಿಯೆಂದು ಪೆಸ್ಟಲಾಜಿ ಚಿತ್ರಗಳನ್ನು ಬದಿಗಿರಿಸಿದನು. ತಾನೇ ಸಾರಿದ ತತ್ತ್ವವನ್ನು ಮಗುವಿನ ಬಾಯಿಂದ ಮತ್ತೆ ಕಲಿಯುವಷ್ಟು ವಿನಯ ಆತನಲ್ಲಿತ್ತು. ಆ ವಿನಯ ಇರುವವರೆಗೂ ಶಾಲೆ ಬೆಳೆಯಿತು.

1801ರಲ್ಲಿ ಆತ ತನ್ನ ಅನುಭವಗಳನ್ನು ಗೆರ್ಟ್ರೂಡ್ ತನ್ನ ಮಕ್ಕಳಿಗೆ ಕಲಿಸುವ ಬಗೆ ಎಂಬ ಗ್ರಂಥದಲ್ಲಿ ಬರೆದನು. ಅದೇ ವರ್ಷ ಆತನ ಒಬ್ಬನೇ ಮಗ ತೀರಿಕೊಂಡನು. ರೂಸೋವಿನ ಗ್ರಂಥವನ್ನು ಮುಂದಿಟ್ಟುಕೊಂಡು ತಂದೆ ಬೆಳೆಸಲು ಹೊರಟಿದ್ದ ಮಗ ಆತ. ಮೂರ್ಛೆರೋಗದಿಂದ ಬಹುಕಾಲ ನರಳಿದವನು. ಲೋಕದ ಮಕ್ಕಳಿಗೆ ಬೆಳಕು ತೋರಿದವನ ಮನೆಯಲ್ಲಿ ಆ ದೀಪ ಆರಿತು.

1804ರಲ್ಲಿ ಕೋಟೆ ಸರ್ಕಾರಕ್ಕೆ ಬೇಕಾಯಿತು. ಸ್ವಲ್ಪ ಕಾಲ ಮುಂಖೆನ್‌ಬುಖ್‌ಸಿಯಲ್ಲಿ ನೆಲೆಸಿದ ಶಾಲೆ, 1805ರಲ್ಲಿ ಸರೋವರದಂಚಿನ ಇವೆರ್ಡನ್ ಕೋಟೆಗೆ ಬಂದಿತು. ಮುಂದಿನ ಇಪ್ಪತ್ತು ವರ್ಷ ಯೂರೋಪಿನ ಕಣ್ಣೆಲ್ಲ ಆ ಕೋಟೆಯ ಮೇಲೆ. ನೆಪೋಲಿಯನ್ನನಿಂದ ಸೋತ ಪ್ರಷ್ಯ ದೇಶ ತನ್ನ ಪ್ರಜೆಗಳನ್ನು ಮತ್ತೆ ಎತ್ತಿನಿಲ್ಲಿಸಲು ಶಾಲೆಯೇ ದಾರಿಯೆಂದು ನಂಬಿ ತರುಣರನ್ನು ಅಲ್ಲಿಗೆ ಕಳುಹಿಸಿತು. ನಮ್ಮ ಶಿಶುವಿಹಾರಗಳಿಗೆ ಮೂಲಪುರುಷನಾದ ಫ್ರೋಬೆಲ್ 1808ರಿಂದ 1810ರವರೆಗೆ ತನ್ನ ಶಿಷ್ಯರೊಡನೆ ಅಲ್ಲಿದ್ದನು.

ದಕ್ಷಿಣ ಭಾರತದ ನಂಟಿರುವ ಒಬ್ಬ ಅತಿಥಿಯೂ 1816ರಲ್ಲಿ ಅಲ್ಲಿಗೆ ಬಂದನು. ಆತ ಆಂಡ್ರೂ ಬೆಲ್. ಮದರಾಸಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದಾಗ, ನಮ್ಮ ಕಡೆಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು ಬೆರಗಾಗಿ, ಹಿರಿಯ ಮಕ್ಕಳಿಂದ ಕಿರಿಯರಿಗೆ ಪಾಠ ಹೇಳಿಸುವ ಪದ್ಧತಿಯನ್ನು ಕಟ್ಟಿ, ಅದನ್ನು ಇಂಗ್ಲೆಂಡಿಗೆ ಒಯ್ದವನು. ಒಬ್ಬ ಉಪಾಧ್ಯಾಯ ನೂರಾರು ಮಕ್ಕಳನ್ನು ಅಗ್ಗವಾಗಿ ಓದಿಸುವುದು ಹೇಗೆಂಬುದು ಬೆಲ್ಲನ ಪ್ರಶ್ನೆ. ಒಂದು ಮಗುವಿನೊಳಗೆ ಅರಿವು ಹುಟ್ಟುವುದು ಹೇಗೆಂಬುದು ಪೆಸ್ಟಲಾಜಿಯ ಪ್ರಶ್ನೆ. ಇಬ್ಬರೂ ಭೇಟಿಯಾದರು, ಒಬ್ಬರನ್ನೊಬ್ಬರು ಒಪ್ಪದೆಯೇ ಬೀಳ್ಕೊಂಡರು. ಸರ್ಕಾರಗಳು ಪೆಸ್ಟಲಾಜಿಯನ್ನು ಕೊಂಡಾಡುತ್ತ ಬೆಲ್ಲನ ಲೆಕ್ಕವನ್ನೇ ಹಿಡಿದದ್ದುಂಟು.

ಆದರೆ ಕೀರ್ತಿಯ ಜೊತೆಗೇ ಇವೆರ್ಡನ್ನಿನ ಇಳಿಗಾಲವೂ ತೊಡಗಿತ್ತು. ನೂರೈವತ್ತರವರೆಗೆ ವಿದ್ಯಾರ್ಥಿಗಳು, ಹತ್ತಾರು ಉಪಾಧ್ಯಾಯರು, ದಿನಬೆಳಗಾದರೆ ಅತಿಥಿಗಳು. ಬಂದವರ ಮುಂದೆ ಚುರುಕು ಹುಡುಗರಿಂದ ಲೆಕ್ಕ ಮಾಡಿಸಿ ತೋರಿಸುವುದು ವಾಡಿಕೆಯಾಯಿತು. ಕಾಳಿನಿಂದ ಎಣಿಸುವುದನ್ನು ಬಿಟ್ಟು, ಅಚ್ಚಿನ ಕೋಷ್ಟಕಗಳನ್ನು ಗಟ್ಟಿಯಾಗಿ ಒಪ್ಪಿಸುವುದೇ ಪೆಸ್ಟಲಾಜಿಯ ಪದ್ಧತಿ ಎನ್ನಿಸಿಕೊಂಡಿತು. ಬಾಯಿಪಾಠದ ವಿರುದ್ಧ ಹುಟ್ಟಿದ ಪದ್ಧತಿ ತಾನೇ ಹೊಸದೊಂದು ಬಾಯಿಪಾಠವಾಯಿತು. 1809ರಲ್ಲಿ ಪೆಸ್ಟಲಾಜಿಯ ಕೋರಿಕೆಯಂತೆ ಸರ್ಕಾರ ಪರೀಕ್ಷಕರನ್ನು ಕಳುಹಿಸಿತು. ತಾನೂ ಉತ್ತಮ ಶಿಕ್ಷಕನಾದ ಪಾದ್ರಿ ಗಿರಾರ್ ಬರೆದ ವರದಿ, ಸಂಸ್ಥೆಯ ಸದುದ್ದೇಶವನ್ನು ಮನ್ನಿಸಿದರೂ, ಸಾಮಾನ್ಯ ಶಾಲೆಗಳಿಗೆ ಅದು ಮಾದರಿಯಾಗಲಾರದೆಂದಿತು. ಬುರ್ಗ್‌ಡಾರ್ಫಿನ ಪರೀಕ್ಷೆ ಆತನನ್ನು ಎತ್ತಿತ್ತು. ಈ ಪರೀಕ್ಷೆ ಕುಗ್ಗಿಸಿತು. ಮೊದಲನೆಯದರಲ್ಲಿ ಪರೀಕ್ಷೆಗೆ ನಿಂತದ್ದು ಮಕ್ಕಳ ಕಲಿಕೆ; ಎರಡನೆಯದರಲ್ಲಿ ದೊಡ್ಡವರ ಸಂಸ್ಥೆ.

ಮುಖ್ಯ ಸಹಾಯಕರಾದ ನೀಡರರ್ ಮತ್ತು ಶ್ಮಿಡ್ ನಡುವಣ ವೈರ ಸಂಸ್ಥೆಯನ್ನು ಇಬ್ಭಾಗ ಮಾಡಿತು. ಒಬ್ಬ ತತ್ತ್ವಜ್ಞ, ಇನ್ನೊಬ್ಬ ಗಣಿತಜ್ಞ ಹಾಗೂ ಆಡಳಿತಗಾರ. ಇಬ್ಬರೂ ಪೆಸ್ಟಲಾಜಿಯ ಹೆಸರಿನಲ್ಲೇ ಹೋರಾಡಿದರು. 1815ರ ಡಿಸೆಂಬರಿನಲ್ಲಿ, ನಾಲ್ವತ್ತಾರು ವರ್ಷ ಜೊತೆಗಿದ್ದು ಎಲ್ಲರ ನಡುವೆ ಸಂಧಾನ ನಡೆಸುತ್ತಿದ್ದ ಆನ್ನಾ ಕಣ್ಮುಚ್ಚಿದಳು. ಅನಂತರ ಜಗಳ ನ್ಯಾಯಸ್ಥಾನಕ್ಕೇರಿತು. ಕ್ರೂಸಿಯೂ ಮನನೊಂದು ಹೊರಟುಹೋದನು. 1818ರಲ್ಲಿ, ಎಪ್ಪತ್ತೆರಡರ ಮುದುಕ ತನ್ನ ಗ್ರಂಥಗಳಿಂದ ಬರುವ ಹಣವನ್ನು ಮುಡಿಪಾಗಿಟ್ಟು, ಕ್ಲಿಂಡಿ ಎಂಬಲ್ಲಿ ಮತ್ತೆ ಬಡಮಕ್ಕಳ ಶಾಲೆ ತೆರೆದನು. ಮತ್ತೆ ಪುಟ್ಟ ಗುಂಪು, ಮತ್ತೆ ಅದೇ ಹುರುಪು. ಸುಮಾರು ಒಂದು ವರ್ಷದಲ್ಲಿ ಅದನ್ನೂ ಕೋಟೆಯ ಸಂಸ್ಥೆಯೊಳಕ್ಕೆ ಸೇರಿಸಲಾಯಿತು. ಅಲ್ಲಿ ಅದರ ಸ್ವಭಾವವೇ ಕಳೆದುಹೋಯಿತು.

1825ರಲ್ಲಿ ಇವೆರ್ಡನ್ನಿನ ಬಾಗಿಲು ಮುಚ್ಚಿತು. ಪೆಸ್ಟಲಾಜಿ ತನ್ನ ಮೊದಲ ಸೋಲಿನ ತಾಣವಾದ ನಾಯ್‌ಹೋಫಿಗೆ ಮರಳಿದನು. 1826ರಲ್ಲಿ ಹಂಸಗೀತೆ ಎಂಬ ಕೊನೆಯ ಗ್ರಂಥವನ್ನು ಪ್ರಕಟಿಸಿ, ತಾನು ಕಂಡದ್ದರಲ್ಲಿ ಕಾಳು ಯಾವುದು ಹೊಟ್ಟು ಯಾವುದೆಂದು ಲೋಕವೇ ತೂರಿ ನೋಡಲೆಂದು ಬೇಡಿಕೊಂಡನು. 1827ನೆಯ ಫೆಬ್ರವರಿ 17ರಂದು ಬ್ರುಗ್ ಪಟ್ಟಣದಲ್ಲಿ ಆತ ಕೊನೆಯುಸಿರೆಳೆದನು. ಬಿರ್ ಗ್ರಾಮದಲ್ಲಿ, ಶಾಲೆಯ ಮಗ್ಗುಲಲ್ಲಿಯೇ ಆತನನ್ನು ಮಣ್ಣುಮಾಡಿದರು. ಆತ ಹುಟ್ಟಿ ನೂರು ವರ್ಷ ತುಂಬಿದ 1846ರಲ್ಲಿ ಆರ್ಗೌ ಪ್ರಾಂತದವರು ಅಲ್ಲಿ ಸ್ಮಾರಕವೊಂದನ್ನು ಕಟ್ಟಿದರು. ಅದೂ ಒಂದು ಶಾಲೆಯ ಗೋಡೆಯ ಮೇಲೆಯೇ.

ಕಟ್ಟಿದ ಸಂಸ್ಥೆಗಳೆಲ್ಲ ಬಿದ್ದುಹೋದ ಮನುಷ್ಯನನ್ನು ಲೋಕ ಗುರುವೆಂದು ನೆನೆಯುವುದೇಕೆ? ಬುರ್ಗ್‌ಡಾರ್ಫಿನ ಆ ಎಂಟು ತಿಂಗಳೇ ಇದಕ್ಕೆ ಉತ್ತರ. ಕೆಟ್ಟ ಶಾಲೆಯನ್ನು ತಿದ್ದಲು ಹೊರಟವರು ಸಾಮಾನ್ಯವಾಗಿ ಮೇಲಿನಿಂದ ತೊಡಗ��ತ್ತಾರೆ. ಕೊನೆಯ ತರಗತಿಯ ಫಲಿತಾಂಶವನ್ನು ನೋಡುತ್ತಾರೆ, ಅಲ್ಲಿಗೆ ಒಳ್ಳೆಯ ಉಪಾಧ್ಯಾಯರನ್ನು ಹಾಕುತ್ತಾರೆ. ಮೊದಲ ತರಗತಿ ಯಾರಿಗೂ ಬೇಡವಾದದ್ದು. ಅಕ್ಷರಮಾಲೆ ಕಾಗುಣಿತಗಳನ್ನು ಯಾರು ಕಲಿಸಿದರೇನೆಂಬ ಉದಾಸೀನ ನಮ್ಮಲ್ಲಿಯೂ ಇಲ್ಲದಿಲ್ಲ. ಐದನೆಯ ತರಗತಿಗೆ ಬಂದು ತಡವರಿಸುವ ಮಗು ತಪ್ಪಿದ್ದು ಐದನೆಯ ತರಗತಿಯಲ್ಲಲ್ಲ. ಮೊದಲ ಮೆಟ್ಟಿಲು ಗಟ್ಟಿಯಾಗುವ ಮುನ್ನ ಎರಡನೆಯದಕ್ಕೆ ದೂಡಿದ ದಿನ. ಇದನ್ನು ಕಂಡುಕೊಂಡ ಪೆಸ್ಟಲಾಜಿ, ಯೂರೋಪಿನಾದ್ಯಂತ ಹೆಸರಿದ್ದೂ, ಎಲ್ಲಕ್ಕಿಂತ ಕೆಳಗಿನ ಬೆಂಚನ್ನೇ ಕೇಳಿ ಪಡೆದನು.

ಇವೆರ್ಡನ್ ಕಲಿಸುವ ಪಾಠವೂ ಸಣ್ಣದಲ್ಲ. ಒಬ್ಬ ಉಪಾಧ್ಯಾಯನ ಕಣ್ಣಿನಲ್ಲಿ ಹುಟ್ಟಿದ ಪದ್ಧತಿಯನ್ನು ಆದೇಶದಂತೆ ಎಲ್ಲ ಶಾಲೆಗಳಿಗೂ ಕಳುಹಿಸಬಹುದು. ಆ ಕಣ್ಣನ್ನು ಕಳುಹಿಸಲಾಗುವುದಿಲ್ಲ. ಕೋಷ್ಟಕವೂ ಸ್ಲೇಟೂ ಬಿಡಿ ಅಕ್ಷರವೂ ಮಗುವಿನ ಮುಖವನ್ನು ನೋಡುವವನ ಕೈಯಲ್ಲಿ ಉಪಕರಣ. ನೋಡದವನ ಕೈಯಲ್ಲಿ ಇನ್ನೊಂದು ಹೊರೆ. ಡೀಸ್ಲಿಯ ಶಾಲೆಯ ಬಡ ತಂದೆತಾಯಿಗಳು ಕೇಳಿದ್ದ ಪ್ರಶ್ನೆ ಪ್ರತಿಯೊಂದು ಹೊಸ ಪದ್ಧತಿಯ ಮುಂದೆಯೂ ನಿಂತೇ ಇರುತ್ತದೆ. ಅದಕ್ಕೆ ಉತ್ತರ ಕೊಡಬಲ್ಲವರು, ಬುರ್ಗ್‌ಡಾರ್ಫಿನಲ್ಲಿ 1800ರ ಮಾರ್ಚಿಯಲ್ಲಿ ಸ್ಲೇಟು ಹಿಡಿದು ನಿಂತಂತೆ, ಮಕ್ಕಳು ಮಾತ್ರ.